ಆನೆಗೂ ಇರುವೆಗೂ ಒಂದೇ ಹೊರೆ?

‘ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ’ ಎಂಬುದು ನಮ್ಮ ಹಿರಿಯರ ಮಾತು. ಹೊರೆಯ ತೂಕವನ್ನು ಹೊರುವವನನ್ನು ನೋಡಿಯೇ ಅಳೆಯಬೇಕೆಂಬ ವಿವೇಕ ಅದರಲ್ಲಡಗಿದೆ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಮದ್ದು ಸೇವಿಸಿದವರಿಗೆ ವಿಧಿಸುವ ದಂಡನೆಯನ್ನು ಕಂಡಾಗ ಈ ಮಾತು ನೆನಪಾಗದಿರದು.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿಗೆ ದೂರದ ಬಂಧು. ಅಲ್ಲಿಯೂ ಚೆಂಡೆಸೆಯುವವನೊಬ್ಬ, ದಾಂಡು ಹಿಡಿದವನೊಬ್ಬ. ಅತ್ಯುನ್ನತ ಶ್ರೇಣಿಯಾದ ‘ಮೇಜರ್ ಲೀಗ್’ನಲ್ಲಿ ಪ್ರತಿಯೊಂದು ತಂಡವೂ ಋತುವೊಂದರಲ್ಲಿ 162 ಪಂದ್ಯಗಳನ್ನಾಡುತ್ತದೆ. ಸ್ನಾಯುಗಳಿಗೆ ಕೃತಕ ಬಲವನ್ನು ತರುವ ಮದ್ದುಗಳ ಹಾವಳಿ ಅಲ್ಲಿ ಮಿತಿಮೀರಿತ್ತು. 2005ರ ಋತುವಿನಲ್ಲಿ ಮೊದಲ ತಪ್ಪಿಗೆ ಇದ್ದ ಶಿಕ್ಷೆ ಹತ್ತು ದಿನಗಳ ಅಮಾನತು ಮಾತ್ರ. ಅಮೆರಿಕದ ಸಂಸತ್ತು ಹುಬ್ಬು ಗಂಟಿಕ್ಕಿದ ಮೇಲೆ ಅದು 50 ಪಂದ್ಯಗಳಿಗೇರಿತು. 2014ರಲ್ಲಿ 80ಕ್ಕೆ ಏರಿತು. ಎರಡನೆಯ ಬಾರಿ ಸಿಕ್ಕಿಬಿದ್ದರೆ 162 ಪಂದ್ಯಗಳು, ಮೂರನೆಯ ಬಾರಿಗೆ ಆಜೀವ ಬಹಿಷ್ಕಾರ. ಅಮಾನತಿನ ಅವಧಿಗೆ ಸಂಬಳವೂ ಇಲ್ಲ. ಮದ್ದು ಮೈಯೊಳಗೆ ಹೇಗೆ ಸೇರಿತೆಂಬುದು ಬೇರೆ ಮಾತು. ಸೇರಿದ್ದರೆ ಹೊಣೆ ಆಟಗಾರನದೇ.

ನಿಯಮ ಎಲ್ಲರಿಗೂ ಸಮ. ಆದರೆ ಅದರ ಫಲ? 2016ರ ಏಪ್ರಿಲ್ ತಿಂಗಳಲ್ಲಿ ಒಂದು ವಾರದ ಅಂತರದಲ್ಲಿ ಇಬ್ಬರು ಆಟಗಾರರಿಗೆ ತಲಾ 80 ಪಂದ್ಯಗಳ ಅಮಾನತಾಯಿತು. ತಿಳಿದು ಸೇವಿಸಲಿಲ್ಲವೆಂದೇ ಇಬ್ಬರೂ ಹೇಳಿದರು.

ಒಬ್ಬಾತ ಮಯಾಮಿ ತಂಡದ ಡೀ ಗಾರ್ಡನ್. ಹಿಂದಿನ ವರ್ಷವಷ್ಟೇ ನ್ಯಾಷನಲ್ ಲೀಗ್‌ನ ದಾಂಡಿಗರಲ್ಲಿ ಅಗ್ರಸ್ಥಾನ ಪಡೆದವನು. 2016ರ ಜನವರಿಯಲ್ಲಿ ಐದು ವರ್ಷಕ್ಕೆ 5 ಕೋಟಿ ಡಾಲರುಗಳ ಒಪ್ಪಂದ ಅವನ ಕೈ ಸೇರಿತ್ತು. ಅಮಾನತಿನ ಕಾಲದ ವೇತನವನ್ನು ಅವನು ಕಳೆದುಕೊಂಡನು, ನಿಜ. ಆದರೆ ಒಪ್ಪಂದದ ಉಳಿದ ಭಾಗಕ್ಕೆ ಚ್ಯುತಿ ಬರಲಿಲ್ಲ. ಜುಲೈ ಕೊನೆಗೆ ಮರಳಿದಾಗ ಅವನ ಸ್ಥಾನ ಅವನಿಗಾಗಿ ಕಾದಿತ್ತು.

ಇನ್ನೊಬ್ಬ ಟೊರಾಂಟೊ ತಂಡದ ಕ್ರಿಸ್ ಕೊಲಾಬೆಲ್ಲೊ. ದೊಡ್ಡ ತಂಡಗಳಾವುವೂ ಕಣ್ಣೆತ್ತಿ ನೋಡದಿದ್ದಾಗ ಸಣ್ಣಪುಟ್ಟ ಸ್ವತಂತ್ರ ಲೀಗಿನಲ್ಲಿ ಏಳು ಋತುಗಳನ್ನು ಸವೆಸಿ, 29ನೆಯ ವಯಸ್ಸಿನಲ್ಲಿ ಮೇಜರ್ ಲೀಗ್ ಪ್ರವೇಶಿಸಿದವನು. ಒಂದು ಕಾಲಕ್ಕೆ ಪೂರ್ವ ಜರ್ಮನಿಯ ಸರ್ಕಾರವೇ ತನ್ನ ಕ್ರೀಡಾಪಟುಗಳಿಗೆ ಕೊಡಿಸುತ್ತಿದ್ದ ‘ಟ್ಯೂರಿನಾಬಾಲ್’ ಎಂಬ ಮದ್ದಿನ ಕುರುಹು ಅವನ ಮೂತ್ರದಲ್ಲಿ ಸಿಕ್ಕಿತು. ಅವನು ಮಾಡಿಕೊಂಡ ಮೇಲ್ಮನವಿ ಫಲಿಸಲಿಲ್ಲ. 80 ಪಂದ್ಯಗಳೇನೋ ಕಳೆದವು. ಮೇಜರ್ ಲೀಗಿನ ಬಾಗಿಲು ಮಾತ್ರ ಅವನಿಗೆ ಮತ್ತೆ ತೆರೆಯಲಿಲ್ಲ. ಒಬ್ಬನಿಗೆ ಮೂರು ತಿಂಗಳ ವಿರಾಮವಾದ ಶಿಕ್ಷೆ ಇನ್ನೊಬ್ಬನಿಗೆ ಆಜೀವ ಬಹಿಷ್ಕಾರವಾಯಿತು.

ಹಾಗಾದರೆ ಶಿಕ್ಷೆಯನ್ನು ಸಡಿಲಿಸಬೇಕೆ? ಕೂಡದು. ಈ ವ್ಯಾಜ್ಯದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಮದ್ದನ್ನು ಮುಟ್ಟದೆ, ಮುಟ್ಟಿದವನೆದುರು ಸೋತು, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟವನು ಅವನು. ಕಳೆದುಹೋದ ಅವನ ಸ್ಥಾನವನ್ನು ಯಾವ ನ್ಯಾಯಮಂಡಲಿಯೂ ಮರಳಿಸಲಾರದು. ಕಠಿಣ ನಿಯಮ ಬೇಕಾಗಿರುವುದು ಅವನಿಗಾಗಿ. ‘ನನಗೆ ತಿಳಿಯದು’ ಎಂದವರನ್ನೆಲ್ಲ ಬಿಟ್ಟರೆ ತಿಳಿದು ತಿಂದವನೂ ಅದನ್ನೇ ಹೇಳುವನು.

ಆದರೆ ಕಾಠಿಣ್ಯ ಬೇರೆ, ಕುರುಡುತನ ಬೇರೆ. ಪ್ರಯೋಗಾಲಯವು ಮದ್ದು ಇತ್ತೇ ಎಂಬುದನ್ನು ಹೇಳಬಲ್ಲದು. ಮನಸ್ಸಿನಲ್ಲಿ ಏನಿತ್ತೆಂಬುದನ್ನು ಹೇಳಲಾರದು. ಆದುದರಿಂದ ಸಿಕ್ಕ ಅಂಶವೆಷ್ಟು, ಆಟಗಾರನು ವಹಿಸಿದ್ದ ಎಚ್ಚರವೆಷ್ಟು ಎಂಬುದನ್ನು ತೂಗಿ ಮೊದಲ ಶಿಕ್ಷೆಯನ್ನು ನಿರ್ಣಯಿಸುವ ವಿಶಾಲ ಅಧಿಕಾರ ಮಧ್ಯಸ್ಥರಿಗಿರಲಿ. ಅಂತೆಯೇ ಬಲ್ಲಿದನ ದೀರ್ಘ ಒಪ್ಪಂದಕ್ಕೂ ಶಿಕ್ಷೆಯ ಬಿಸಿ ತಾಗಲಿ.

80 ಎಂಬ ಅಂಕೆ ಎಲ್ಲರಿಗೂ ಒಂದೇ. ಅಂಕೆ ಸಮವಾದ ಮಾತ್ರಕ್ಕೆ ನ್ಯಾಯ ಸಮವಾಗದು.