ಕನಸು ಮತ್ತು ಸುಪ್ತಮನಸ್ಸು: ತಪ್ಪು ಕಲ್ಪನೆಗಳು, ಸತ್ಯಗಳು

ಅರಿವಿಗೆ ನೇರವಾಗಿ ನಿಲುಕದಿದ್ದರೂ ಮನುಷ್ಯನ ನಡೆನುಡಿಗಳನ್ನು ಪ್ರಭಾವಿಸುವ ಆಸೆ, ಭಯ, ನೆನಪುಗಳ ನೆಲೆಯನ್ನು ಸುಪ್ತಮನಸ್ಸು ಎಂದೂ, ಅದನ್ನು ಅಭ್ಯಸಿಸುವ ಶಾಸ್ತ್ರವನ್ನು ಆಳದ ಮನೋವಿಜ್ಞಾನ ಎಂದೂ ಕರೆಯಲಾಗುತ್ತದೆ. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1899ರ ಕೊನೆಯಲ್ಲಿ ಪ್ರಕಟಿಸಿದ ‘ಕನಸುಗಳ ವ್ಯಾಖ್ಯಾನ’ ಗ್ರಂಥದಿಂದ ಈ ಶಾಸ್ತ್ರಕ್ಕೆ ಭದ್ರ ತಳಹದಿ ದೊರೆಯಿತಾದರೂ, ಇದರ ಹೆಸರಿನಲ್ಲಿ ಹರಡಿರುವ ಹಲವು ನಂಬಿಕೆಗಳಿಗೆ ಇದರಲ್ಲಿ ಆಧಾರವಿಲ್ಲ.

ತಪ್ಪು ಕಲ್ಪನೆ: ಕನಸಿನಲ್ಲಿ ಕಂಡ ಪ್ರತಿ ವಸ್ತುವಿಗೂ ಎಲ್ಲರಿಗೂ ಅನ್ವಯಿಸುವ ನಿಶ್ಚಿತ ಅರ್ಥವಿದೆ.

ಸತ್ಯ: ನಮ್ಮ ಪಂಚಾಂಗಗಳ ಸ್ವಪ್ನಫಲದ ಪಟ್ಟಿಗಳಂತಹ ಕನಸಿನ ಪುಸ್ತಕಗಳು ಯುರೋಪಿನಲ್ಲಿಯೂ ಬಳಕೆಯಲ್ಲಿದ್ದವು. ಆ ಪದ್ಧತಿ ನಂಬಲರ್ಹವಲ್ಲವೆಂದೇ ಫ್ರಾಯ್ಡ್ ಮುಕ್ತ ಸಾಹಚರ್ಯವನ್ನು, ಅಂದರೆ ಕನಸಿನ ಒಂದೊಂದು ತುಣುಕಿನ ಬಗ್ಗೆಯೂ ಕನಸು ಕಂಡವರಿಗೆ ತೋಚಿದ್ದನ್ನೆಲ್ಲ ತಡೆಯಿಲ್ಲದೆ ಹೇಳಿಸುವ ಕ್ರಮವನ್ನು, ಮುಂದಿಟ್ಟರು. ಕೆಲವು ಸಂಕೇತಗಳು ಬಹುಜನರಿಗೆ ಸಮಾನವೆಂದು ಒಪ್ಪಿದರೂ ಅವುಗಳಿಗೆ ಪೂರಕ ಸ್ಥಾನವನ್ನಷ್ಟೇ ನೀಡಿದರು. ಹಾವು ಹಿಡಿಯುವ ಕಸುಬಿನವರು ಕಂಡ ಹಾವಿಗೂ ಬಾಲ್ಯದಲ್ಲಿ ಹಾವು ಕಚ್ಚಿ ಬದುಕುಳಿದವರು ಕಂಡ ಹಾವಿಗೂ ಒಂದೇ ಅರ್ಥ ಹೇಳಲಾಗದು.

ತಪ್ಪು ಕಲ್ಪನೆ: ಫ್ರಾಯ್ಡ್ ಪ್ರಕಾರ ಎಲ್ಲ ಕನಸುಗಳೂ ಲೈಂಗಿಕವಾದವು.

ಸತ್ಯ: ಈ ಆರೋಪವನ್ನು ಫ್ರಾಯ್ಡ್ ಸ್ವತಃ ನಿರಾಕರಿಸಿದ್ದರು. ಅವರು ಮಾದರಿಯಾಗಿ ವಿಶ್ಲೇಷಿಸಿದ್ದು 1895ರ ಜುಲೈನಲ್ಲಿ ತಾವೇ ಕಂಡ ಕನಸನ್ನು. ಅದರಲ್ಲಿ ಇರ್ಮಾ ಎಂಬ ರೋಗಿಯ ನೋವಿಗೆ ಸಹೋದ್ಯೋಗಿಯೊಬ್ಬರು ಕೊಟ್ಟ ಇಂಜೆಕ್ಷನ್ ಕಾರಣವಾಗುತ್ತದೆ. ಚಿಕಿತ್ಸೆ ಪೂರ್ತಿ ಫಲಿಸದ ಹೊಣೆಯಿಂದ ಪಾರಾಗುವ ಬಯಕೆಯೇ ಅದರ ತಿರುಳೆಂದು ಅವರು ವಿವರಿಸಿದರು. ಕನಸು ಬಯಕೆಯ ಈಡೇರಿಕೆ ಎಂಬ ತಮ್ಮ ನಿಯಮಕ್ಕೆ ಯುದ್ಧದಂತಹ ಆಘಾತವನ್ನು ಮರುಕಳಿಸುವ ಕನಸುಗಳು ಒಳಪಡುವುದಿಲ್ಲವೆಂದು 1920ರಲ್ಲಿ ಒಪ್ಪಿದರು.

ತಪ್ಪು ಕಲ್ಪನೆ: ಸುಪ್ತಮನಸ್ಸಿನಲ್ಲಿರುವುದು ಅದುಮಿಟ್ಟ ಕೆಟ್ಟ ಆಸೆಗಳು ಮಾತ್ರ.

ಸತ್ಯ: 1913ರಲ್ಲಿ ಫ್ರಾಯ್ಡರಿಂದ ದೂರವಾದ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್, ಎಚ್ಚರದ ಮನಸ್ಸು ಒಂದೇ ಕಡೆಗೆ ವಾಲಿದಾಗ ಸುಪ್ತಮನಸ್ಸು ಕನಸಿನ ಮೂಲಕ ಅದನ್ನು ಸರಿದೂಗಿಸುತ್ತದೆಂದು ಪ್ರತಿಪಾದಿಸಿದರು. ಚಿಕಿತ್ಸೆ ಮುಂದುವರಿಯದಿದ್ದ ರೋಗಿಯೊಬ್ಬರು ಕೋಟೆಯ ಎತ್ತರದ ಗೋಪುರದಲ್ಲಿದ್ದಂತೆಯೂ, ಆಕೆಯನ್ನು ತಾವು ಕತ್ತೆತ್ತಿ ನೋಡಬೇಕಾದಂತೆಯೂ ಯೂಂಗರಿಗೆ ಕನಸು ಬಿತ್ತು. ಎಚ್ಚರದಲ್ಲಿ ತಾವು ಆಕೆಯನ್ನು ಕೀಳಾಗಿ ಕಂಡಿದ್ದನ್ನು ಇದರಿಂದ ಅರಿತ ಯೂಂಗ್ ಅದನ್ನು ಆಕೆಗೇ ತಿಳಿಸಿದ ಮೇಲೆ ಚಿಕಿತ್ಸೆ ಮುನ್ನಡೆಯಿತು.

ತಪ್ಪು ಕಲ್ಪನೆ: ಬೆಳಗಿನ ಜಾವದ ಕನಸು ನಿಜವಾಗುತ್ತದೆ.

ಸತ್ಯ: ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ವೇಗವಾಗಿ ಚಲಿಸುವ, ಕನಸುಗಳು ದಟ್ಟವಾಗಿರುವ ನಿದ್ರೆಯ ಹಂತವನ್ನು ಷಿಕಾಗೋದ ಸಂಶೋಧಕರು 1953ರಲ್ಲಿ ವರದಿ ಮಾಡಿದರು. ಸುಮಾರು 90 ನಿಮಿಷಗಳಿಗೊಮ್ಮೆ ಬರುವ ಈ ಹಂತ ಬೆಳಗಾಗುತ್ತಾ ದೀರ್ಘವಾಗುವುದರಿಂದ, ಅದರ ನಡುವೆಯೇ ಎಚ್ಚರಗೊಂಡವರಿಗೆ ಕನಸು ಸ್ಪಷ್ಟವಾಗಿ ನೆನಪಿರುತ್ತದೆ. ಆ ಸ್ಪಷ್ಟತೆ ಭವಿಷ್ಯದ ಸೂಚನೆಯಲ್ಲ.

ತಪ್ಪು ಕಲ್ಪನೆ: ಮನೋವಿಶ್ಲೇಷಕರು ಹೇಳಿದ್ದೇ ಕನಸಿನ ಅಂತಿಮ ಅರ್ಥ.

ಸತ್ಯ: ಮಿದುಳಿನ ಕಾಂಡದಿಂದ ಏಳುವ ಸಂಕೇತಗಳಿಗೆ ಮಿದುಳು ಕಥೆಯ ರೂಪ ಕೊಡುವುದೇ ಕನಸೆಂದು ಸಂಶೋಧಕರಾದ ಹಾಬ್ಸನ್ ಮತ್ತು ಮೆಕಾರ್ಲಿ 1977ರಲ್ಲಿ ವಾದಿಸಿದ ಮೇಲೆ ಎದ್ದ ಚರ್ಚೆ ಇನ್ನೂ ಮುಗಿದಿಲ್ಲ. ಒಂದು ವ್ಯಾಖ್ಯಾನವನ್ನು ಪ್ರಯೋಗದಿಂದ ದೃಢಪಡಿಸುವುದು ಕಷ್ಟವಾದ್ದರಿಂದ, ಅದನ್ನು ತೀರ್ಪೆಂದು ಹೇರದೆ, ಕನಸು ಕಂಡವರು ತಮ್ಮ ಬದುಕಿನೊಡನೆ ತಾಳೆ ನೋಡಿ ಒಪ್ಪಬಹುದಾದ ಅಥವಾ ತಳ್ಳಿಹಾಕಬಹುದಾದ ಊಹೆಯೆಂದು ಮುಂದಿಡುವುದೇ ಈ ಶಾಸ್ತ್ರಕ್ಕೆ ತಕ್ಕ ಪ್ರಾಮಾಣಿಕತೆ.