ಮಕ್ತಲ್‌ನ ಮಗಳು, ಗದ್ವಾಲ್‌ನ ಸೊಸೆ

ರಾಯಚೂರಿನಿಂದ ಹೊರಟು ಶಕ್ತಿನಗರ ದಾಟಿ, ದೇವಸೂಗೂರಿನ ಹತ್ತಿರ ಹೊಳೆ ದಾಟಿದರೆ ಕೃಷ್ಣಾ. ಹೊಳೆಗೂ ಅದೇ ಹೆಸರು, ಊರಿಗೂ ಅದೇ ಹೆಸರು, ರೈಲು ಸ್ಟೇಷನ್ನಿಗೂ ಅದೇ. ಸೇತುವೆ ಮುಗಿದ ಕೂಡಲೇ ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗುತ್ತವೆ, ಆದರೆ ಮಂದಿ ಮಾತು ಅಷ್ಟು ಬೇಗ ತಿರುಗುವುದಿಲ್ಲ. ಚಹಾದಂಗಡಿ ಬೆಂಚಿನ ಮೇಲೆ ಇನ್ನೂ ಕನ್ನಡವೇ ನಡೀತದ. ಅಲ್ಲಿಂದ ಮುಂದೆ ಮಕ್ತಲ್, ಅದರಾಚೆ ನಾರಾಯಣಪೇಟೆ. ಹೊಳೆಯ ಇನ್ನೊಂದು ಮಗ್ಗುಲಲ್ಲಿ, ರಾಯಚೂರಿಗೆ ಪೂರ್ವಕ್ಕೆ, ಗದ್ವಾಲ್.

ಈ ಮೂರೂ ಊರುಗಳ ರಾಜಕಾರಣದ ಕತೆ ಹೇಳಹೊರಟರೆ ಒಂದೇ ಮನೆಯ ಬಾಗಿಲಿಗೆ ಮತ್ತೆ ಮತ್ತೆ ಬಂದು ನಿಲ್ಲಬೇಕಾಗುತ್ತದೆ. ಅದು ಧನ್ವಾಡದ ಚಿಟ್ಟೆಂ ನರ್ಸಿರೆಡ್ಡಿಯವರ ಮನೆ. ಆ ಮನೆಯ ಮಗಳು ಡಿ.ಕೆ. ಅರುಣಾ.

ರಾಯಚೂರಿನ ಓದುಗರಿಗೆ ಇದು ಪರವೂರಿನ ಸುದ್ದಿಯೇನಲ್ಲ. 1952ರ ಮೊದಲ ಚುನಾವಣೆ ನಡೆದಾಗ ಗದ್ವಾಲ್ ತಾಲೂಕು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಮಹಬೂಬ್‌ನಗರ ಜಿಲ್ಲೆ ಸೇರಿ ಆಂಧ್ರದ ಪಾಲಾದವು. ನಕಾಶೆ ಹರಿಯಿತು, ನೆಂಟಸ್ತಿಕೆ ಹರಿಯಲಿಲ್ಲ.

ಅಪ್ಪ ಮತ್ತು ಮಗಳು ಒಂದೇ ಸದನದಲ್ಲಿ

ನರ್ಸಿರೆಡ್ಡಿಯವರು ಮಕ್ತಲ್‌ನಿಂದ 1985 ಮತ್ತು 1989ರಲ್ಲಿ ಜನತಾ ಪರಿವಾರದ ಹುರಿಯಾಳಾಗಿ ಗೆದ್ದವರು. ಆಗ ಹೊಳೆಯ ಈಚೆ ದಂಡೆಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ ಕಾಲ. ಆಚೆ ದಂಡೆಯಲ್ಲಿ ಎನ್.ಟಿ. ರಾಮರಾವ್ ಅವರ ತೆಲುಗುದೇಶಂ ದೊಡ್ಡ ಅಲೆ. 1994 ಹಾಗೂ 1999ರಲ್ಲಿ ಮಕ್ತಲ್ ತೆಲುಗುದೇಶಂನ ಯಲ್ಕೋಟಿ ಯಲ್ಲಾರೆಡ್ಡಿಯವರ ಕೈಗೆ ಹೋಯಿತು. 2004ರಲ್ಲಿ ನರ್ಸಿರೆಡ್ಡಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು.

ಮಗಳನ್ನು ಕೊಟ್ಟಿದ್ದು ಗದ್ವಾಲ್‌ನ ಡಿ.ಕೆ. ಮನೆತನಕ್ಕೆ. ಅದೂ ರಾಜಕಾರಣದ ಮನೆಯೇ. ಭಾವ ಡಿ.ಕೆ. ಸಮರಸಿಂಹಾರೆಡ್ಡಿ ಮಂತ್ರಿಯಾಗಿದ್ದವರು, ಗಂಡ ಭರತಸಿಂಹಾರೆಡ್ಡಿ 1994ರಲ್ಲಿ ಪಕ್ಷೇತರರಾಗಿ ಗದ್ವಾಲ್ ಗೆದ್ದವರು. 2004ರಲ್ಲಿ ಕಾಂಗ್ರೆಸ್ ಮತ್ತು ಟಿಆರ್‌ಎಸ್ ಹೊಂದಾಣಿಕೆಯಲ್ಲಿ ಗದ್ವಾಲ್ ಟಿಆರ್‌ಎಸ್‌ಗೆ ಹೋದಾಗ ಅರುಣಾ ಸುಮ್ಮನೆ ಕೂಡಲಿಲ್ಲ. ಈ ಭಾಗದಲ್ಲಿ ಯಾರಿಗೂ ಅಷ್ಟು ಪರಿಚಯವಿಲ್ಲದ ಸಮಾಜವಾದಿ ಪಕ್ಷದ ಟಿಕೆಟ್ ಹಿಡಿದು ನಿಂತರು, ಗೆದ್ದೂ ಬಿಟ್ಟರು. ಒಂದೇ ಸಲಕ್ಕೆ ಅಪ್ಪ ಮಕ್ತಲ್‌ನಿಂದ, ಮಗಳು ಗದ್ವಾಲ್‌ನಿಂದ ಹೈದರಾಬಾದಿನ ಸದನದೊಳಗೆ ಕಾಲಿಟ್ಟರು.

ಆ ಭಾಗ್ಯ ಹದಿನೈದು ತಿಂಗಳೂ ಬಾಳಲಿಲ್ಲ.

2005ರ ಆಗಸ್ಟ್ 15

ಅಂದು ಸ್ವಾತಂತ್ರ್ಯ ದಿನ. ನಾರಾಯಣಪೇಟೆಯಲ್ಲಿ ಕಾರ್ಯಕ್ರಮವೊಂದಕ್ಕೆ ಬಂದಿದ್ದ ನರ್ಸಿರೆಡ್ಡಿಯವರ ಮೇಲೆ ಮಾವೋವಾದಿಗಳು ಗುಂಡಿನ ಮಳೆಗರೆದರು. ಶಾಸಕರು, ಅವರ ಮಗ ವೆಂಕಟೇಶ್ವರರೆಡ್ಡಿ, ಜೊತೆಗಿದ್ದ ಇನ್ನೂ ಹಲವರು ಜೀವ ಬಿಟ್ಟರು. ಶಾಸಕರ ಜೊತೆಗೆ ನಿಂತಿದ್ದೇ ಆ ಹಲವರ ತಪ್ಪು.

2004ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ನಕ್ಸಲರೊಂದಿಗೆ ಮಾತುಕತೆಗೆ ಕೂತಿತ್ತು. 2005ರ ಜನವರಿ ಹೊತ್ತಿಗೆ ಅದು ಮುರಿದುಬಿತ್ತು. ಫೆಬ್ರವರಿಯಲ್ಲಿ ನಮ್ಮ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಕ್ಯಾಂಪಿನ ಮೇಲೆ ದಾಳಿಯಾಗಿ ರಕ್ತ ಹರಿದಿತ್ತು. ನಾರಾಯಣಪೇಟೆ ಕೊಲೆಗಳಾಗಿ ಎರಡೇ ದಿನಕ್ಕೆ, ಆಗಸ್ಟ್ 17ರಂದು, ವೈ.ಎಸ್. ರಾಜಶೇಖರ ರೆಡ್ಡಿಯವರ ಸರ್ಕಾರ ಮಾವೋವಾದಿ ಪಕ್ಷವನ್ನೂ ಅದರ ಜೊತೆಗಿನ ಸಂಘಟನೆಗಳನ್ನೂ ನಿಷೇಧಿಸಿತು. ಮಾತುಕತೆಯ ಬಾಗಿಲು ಪೂರ್ತಿ ಮುಚ್ಚಿತು.

ಶಾಸಕನೊಬ್ಬ ಒಳ್ಳೆಯವನೋ ಕೆಟ್ಟವನೋ, ಇರಬೇಕೋ ಹೋಗಬೇಕೋ ಎಂಬುದನ್ನು ತೀರ್ಮಾನಿಸುವ ಹಕ್ಕು ಯಾರದು? ಅಂದು ಬಂದೂಕು ಹಿಡಿದವರು ಅದು ತಮ್ಮದೆಂದುಕೊಂಡರು. ಆದರೆ ಅದೇ ಮಕ್ತಲ್‌ನ ಮತದಾರರು ಅದಕ್ಕೂ ಮೊದಲು ನರ್ಸಿರೆಡ್ಡಿಯವರ ಕೈಬಿಟ್ಟಿದ್ದರು, ಮತ್ತೆ ಹಿಡಿದಿದ್ದರು. ಅದಕ್ಕೆ ಒಂದು ಹನಿ ರಕ್ತ ಬೇಕಾಗಿರಲಿಲ್ಲ. ಮುಂದಿನ ಇಪ್ಪತ್ತು ವರ್ಷವೂ ಅವರು ಮಾಡಿದ್ದು ಅದನ್ನೇ.

ಅನುಕಂಪ ಒಂದು ಸಲ, ಲೆಕ್ಕ ಪ್ರತಿ ಸಲ

2005ರ ಉಪಚುನಾವಣೆಯಲ್ಲಿ ಇನ್ನೊಬ್ಬ ಮಗ ಚಿಟ್ಟೆಂ ರಾಮಮೋಹನರೆಡ್ಡಿ ಗೆದ್ದರು. ಕಣ್ಣೀರಿನ ಮತ ಅಂದರು ಮಂದಿ. ಆದರೆ 2009ರಲ್ಲಿ ಮಕ್ತಲ್ ತೆಲುಗುದೇಶಂನ ಕೊತ್ತಕೋಟ ದಯಾಕರರೆಡ್ಡಿಯವರನ್ನು ಆರಿಸಿತು. ರಾಮಮೋಹನರೆಡ್ಡಿ 2014ರಲ್ಲಿ ಕಾಂಗ್ರೆಸ್ಸಿನಿಂದಲೂ 2018ರಲ್ಲಿ ಟಿಆರ್‌ಎಸ್‌ನಿಂದಲೂ ಗೆದ್ದು, 2023ರಲ್ಲಿ ಕಾಂಗ್ರೆಸ್ಸಿನ ವಾಕಿಟಿ ಶ್ರೀಹರಿಯವರ ಎದುರು ಸೋತರು. ಶ್ರೀಹರಿ 2025ರ ಜೂನ್‌ನಲ್ಲಿ ಮಂತ್ರಿಯೂ ಆದರು.

ಗದ್ವಾಲ್‌ನದೂ ಇಂಥದ್ದೇ ಲೆಕ್ಕ. ಅರುಣಾ 2009ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಮಂತ್ರಿಯಾದರು. ಸಣ್ಣ ಕೈಗಾರಿಕೆ, ಮುಂದೆ ವಾರ್ತಾ ಖಾತೆ ನೋಡಿಕೊಂಡರು. 2014ರಲ್ಲೂ ಗೆದ್ದರು. ತೆಲಂಗಾಣದ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸುವಾಗ ಗದ್ವಾಲ್‌ಗೂ ಜಿಲ್ಲೆ ಬೇಕೆಂದು ಹೋರಾಟಕ್ಕಿಳಿದರು. 2016ರ ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ್ ಜಿಲ್ಲೆ ಆಯಿತು. ಜಿಲ್ಲೆಯೇನೋ ಬಂತು, ಮತ ಬರಲಿಲ್ಲ. 2018ರಲ್ಲಿ ಟಿಆರ್‌ಎಸ್‌ನ ಬಂಡ್ಲ ಕೃಷ್ಣಮೋಹನರೆಡ್ಡಿ ಅವರನ್ನು ಸೋಲಿಸಿದರು.

ಅರುಣಾ ಕೋರ್ಟಿಗೆ ಹೋದರು. ಗೆದ್ದವರ ಪ್ರಮಾಣಪತ್ರದಲ್ಲಿ ತಪ್ಪು ಮಾಹಿತಿ ಇದೆ ಎಂದು 2023ರ ಆಗಸ್ಟ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ಆಯ್ಕೆಯನ್ನು ರದ್ದುಮಾಡಿ ಅರುಣಾ ಅವರೇ ಆಯ್ಕೆಯಾದವರೆಂದಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅಷ್ಟರಲ್ಲಿ ಐದು ವರ್ಷದ ಅವಧಿಯೇ ಮುಗಿಯಲು ಬಂದಿತ್ತು. ಆ ವರ್ಷದ ಕೊನೆಗೆ ನಡೆದ ಚುನಾವಣೆಯಲ್ಲಿ ಕೃಷ್ಣಮೋಹನರೆಡ್ಡಿ ಮತ್ತೆ ಗೆದ್ದರು, ಅರುಣಾ ನಿಲ್ಲಲಿಲ್ಲ.

ತವರಿನ ಮತ

ಅರುಣಾ 2019ರಲ್ಲೇ ಬಿಜೆಪಿ ಸೇರಿ ಮಹಬೂಬ್‌ನಗರ ಲೋಕಸಭೆಗೆ ನಿಂತು ಸೋತಿದ್ದರು. 2024ರಲ್ಲಿ ಅಲ್ಲೇ ಮತ್ತೆ ನಿಂತರು. ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು: ಗದ್ವಾಲ್ ಬರುವುದು ನಾಗರಕರ್ನೂಲ್ ಲೋಕಸಭಾ ಕ್ಷೇತ್ರಕ್ಕೆ. ಮಕ್ತಲ್, ನಾರಾಯಣಪೇಟೆ ಬರುವುದು ಮಹಬೂಬ್‌ನಗರಕ್ಕೆ. ಅಂದರೆ ಮೂರು ಸಲ ಗೆಲ್ಲಿಸಿದ ಗಂಡನ ಮನೆಯ ಮತ ಅವರಿಗೆ ಬೀಳುವಂತಿರಲಿಲ್ಲ. ಕೇಳಬೇಕಾದದ್ದು ತವರಿನ ಮತ. ಅಪ್ಪ ಮತ್ತು ಅಣ್ಣತಮ್ಮಂದಿರ ಊರು, ಅಪ್ಪ ಬಿದ್ದ ಊರು.

ಆ ನಾರಾಯಣಪೇಟೆಯಲ್ಲಿ ಅಷ್ಟೊತ್ತಿಗೆ ಶಾಸಕಿ ಯಾರು? 2005ರಲ್ಲಿ ಅಜ್ಜನ ಜೊತೆಗೇ ಸತ್ತ ವೆಂಕಟೇಶ್ವರರೆಡ್ಡಿಯವರ ಮಗಳು, ಯುವ ವೈದ್ಯೆ ಪರ್ಣಿಕಾರೆಡ್ಡಿ. 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು. ಸೋದರತ್ತೆ ಕಮಲ, ಸೊಸೆ ಕೈ. ಕೊನೆಗೆ ಅತ್ತೆ ಕಾಂಗ್ರೆಸ್ಸಿನ ಚಲ್ಲಾ ವಂಶಿಚಂದರೆಡ್ಡಿಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ಅಂತರ ಬರೇ 4,500.

ಒಂದೇ ಮನೆ, ಇಷ್ಟೊಂದು ಬಾವುಟ. ಇದನ್ನು ಮನೆತನದ ರಾಜಕಾರಣ ಎಂದು ಬೈಯುವವರ ಮಾತಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಮೂರು ಊರಿಗೂ ಎಷ್ಟೋ ಸಲ ಒಂದೇ ಮನೆಯವರು ಹುರಿಯಾಳಾದರೆ ಉಳಿದವರಿಗೆ ಜಾಗ ಎಲ್ಲಿ? ಆದರೆ ಮನೆತನ ನೋಡಿ ಮತ ಹಾಕಿದವರೇ ಮನೆತನ ನೋಡದೆ ಸೋಲಿಸಿದ್ದೂ ಇದೇ ಪಟ್ಟಿಯಲ್ಲಿ ಕಾಣ್ತದ.

ನಮ್ಮ ಕಡೆಯಿಂದ ನೋಡುವವರಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾತಾಡುವವರ ಮತಗಳು ಮಕ್ತಲ್‌ನ ಪೆಟ್ಟಿಗೆಗೇ ಬೀಳುತ್ತವೆ. ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತು ಮುಂದೇನು ಮಾಡಬೇಕು, ಹೊಳೆ ದಾಟಿ ರಾಯಚೂರಿಗೆ ಓದಲು ಬಂದರೆ ಅಲ್ಲಿನ ನೌಕರಿಗೆ ‘ಸ್ಥಳೀಯ’ ಎನಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಚಿಂತೆ ಅವರದು. ಇತ್ತ 2021ರಲ್ಲಿ ರಾಯಚೂರಿನ ಶಾಸಕ ಶಿವರಾಜ ಪಾಟೀಲರು ರಾಯಚೂರನ್ನೇ ತೆಲಂಗಾಣಕ್ಕೆ ಸೇರಿಸಿ ಎಂದು ಬೇಸರದಿಂದ ಅಂದು ದೊಡ್ಡ ಸುದ್ದಿಯಾಗಿತ್ತು. ಎರಡೂ ದಂಡೆಯಲ್ಲಿ ದೂರು ಒಂದೇ: ರಾಜಧಾನಿಗೆ ನಾವು ಕೊನೆಯ ಊರು.

4,500ರ ಅಂತರದಲ್ಲಿ ದಿಲ್ಲಿಯ ಕುರ್ಚಿ ನಿರ್ಧಾರವಾಗುವ ಕ್ಷೇತ್ರದಲ್ಲಿ ಗಡಿಯ ಹಳ್ಳಿಗಳ ಮತ ಸಣ್ಣದಲ್ಲ. ಮುಂದಿನ ಸಲ ಮಗಳಾಗಿ ಬರಲಿ, ಸೊಸೆಯಾಗಿ ಬರಲಿ, ಹೊಸಬರೇ ಬರಲಿ, ಕನ್ನಡ ಶಾಲೆಯ ಕಟ್ಟೆ ಮೇಲೆ ಕೂಡಿಸಿ ಈ ಮಾತು ಕೇಳಬೇಕು. ಕೇಳುವ ಹಕ್ಕು ಅವರಿಗೆ ಅದ.