ಗ್ರಂಥಭಂಡಾರಗಳ ಸಹಕಾರ: ಕೊಳ್ಳುವ ಹೊಣೆ, ಕಾಯುವ ಹೊಣೆ

ಯಾವ ವಿಶ್ವವಿದ್ಯಾನಿಲಯದ ಗ್ರಂಥಭಂಡಾರವೂ, ಅದೆಷ್ಟೇ ಸಂಪನ್ನವಾಗಿರಲಿ, ಸಂಶೋಧಕನಿಗೆ ಬೇಕಾದುದೆಲ್ಲವನ್ನೂ ತಾನೊಂದೇ ಒದಗಿಸಲಾರದು. ಆದುದರಿಂದಲೇ ಒಂದು ಭಂಡಾರದ ಪುಸ್ತಕವನ್ನು ಮತ್ತೊಂದು ಎರವಲು ಪಡೆಯುವ ಪದ್ಧತಿ ಬೆಳೆದುಬಂದಿದೆ. ಆದರೆ ಎರವಲೆಂಬುದು ಸಹಕಾರದ ಕೊನೆಯ ಹೆಜ್ಜೆ. ಯಾರೂ ಕೊಳ್ಳದ ಪುಸ್ತಕವನ್ನು ಯಾರೂ ಎರವಲು ಕೊಡಲಾರರು. ಯಾವುದನ್ನು ಯಾರು ಕೊಳ್ಳಬೇಕು, ಯಾರು ಕಾಯಬೇಕು, ಅದು ಇರುವ ಎಡೆಯನ್ನು ತಿಳಿಯುವುದು ಹೇಗೆ ಎಂಬ ಮೂರು ಪ್ರಶ್ನೆಗಳು ಮೊದಲೇ ಇತ್ಯರ್ಥವಾಗಿರಬೇಕು. ಅಮೆರಿಕದ ವಿಶ್ವವಿದ್ಯಾನಿಲಯಗಳು ಇವನ್ನು ಬಗೆಹರಿಸಿಕೊಂಡ ರೀತಿ ಪರಿಶೀಲನಾರ್ಹವಾದುದು. ಕನ್ನಡ ಗ್ರಂಥಗಳೂ ಆ ಏರ್ಪಾಡಿನೊಳಗೆ ಸೇರಿರುವುದರಿಂದ ನಮಗೆ ಅದು ದೂರದ ವಿಷಯವೂ ಅಲ್ಲ.

ಮೊದಲನೆಯದು ಕೊಳ್ಳುವ ಹೊಣೆ. 1942ರಲ್ಲಿ, ಮಹಾಯುದ್ಧದ ನಡುವೆ, ಕನೆಟಿಕಟ್ ಸಂಸ್ಥಾನದ ಫಾರ್ಮಿಂಗ್‌ಟನ್ನಿನಲ್ಲಿ ನಡೆದ ಸಮಾಲೋಚನೆಯಿಂದ ಒಂದು ಯೋಜನೆ ರೂಪುಗೊಂಡು 1948ರಲ್ಲಿ ಕಾರ್ಯಗತವಾಯಿತು. ಸಂಶೋಧನೆಗೆ ಉಪಯುಕ್ತವಾದ ಪ್ರತಿಯೊಂದು ಹೊಸ ವಿದೇಶೀ ಗ್ರಂಥದ ಒಂದು ಪ್ರತಿಯಾದರೂ ದೇಶದ ಯಾವುದಾದರೊಂದು ಭಂಡಾರದಲ್ಲಿರಬೇಕೆಂಬುದು ಅದರ ಗುರಿ. ಇದಕ್ಕಾಗಿ ಭಂಡಾರಗಳು ಕ್ಷೇತ್ರಗಳನ್ನು ಹಂಚಿಕೊಂಡವು. ಕೊಂಡುದನ್ನು ಎಲ್ಲ ಭಂಡಾರಗಳ ಪುಸ್ತಕಗಳನ್ನೂ ಒಂದೆಡೆ ತೋರಿಸುವ ಸಂಯುಕ್ತ ಸೂಚಿಯಲ್ಲಿ ದಾಖಲಿಸಿದವು. 1972ರಲ್ಲಿ ಯೋಜನೆ ಮುಗಿದರೂ, ನೆರೆಯವನ ಅಗತ್ಯಕ್ಕಾಗಿಯೂ ಕೊಳ್ಳಬೇಕೆಂಬ ತತ್ತ್ವ ಉಳಿಯಿತು.

ಎರಡನೆಯದು ಕಾಯುವ ಹೊಣೆ. 1949ರಲ್ಲಿ ಹತ್ತು ವಿಶ್ವವಿದ್ಯಾನಿಲಯಗಳು ಕೂಡಿ ಷಿಕಾಗೋದಲ್ಲಿ ಒಂದು ಸಾಮಾನ್ಯ ಭಂಡಾರವನ್ನು ಸ್ಥಾಪಿಸಿದವು. ಅಪರೂಪಕ್ಕೊಮ್ಮೆ ಬೇಕಾಗುವ ವಿದೇಶೀ ಪ್ರಬಂಧಗಳು, ವೃತ್ತಪತ್ರಿಕೆಗಳು ಮೊದಲಾದುವನ್ನು ಎಲ್ಲರೂ ಇಟ್ಟುಕೊಳ್ಳುವ ಬದಲು ಎಲ್ಲರ ಪರವಾಗಿ ಒಂದೆಡೆ ಇಡುವುದು ಅದರ ಕ್ರಮ. 1965ರಿಂದ ಅದಕ್ಕೆ ಸಂಶೋಧನ ಗ್ರಂಥಾಲಯಗಳ ಕೇಂದ್ರವೆಂಬ ಅರ್ಥದ ಹೆಸರು ಬಂದಿದೆ.

ಭಾರತದ ಸಂಬಂಧ ಒದಗಿದುದು ಗೋಧಿಯ ಮೂಲಕ. ಅಮೆರಿಕದ 1954ರ ಪಿ.ಎಲ್. 480 ಕಾನೂನಿನಂತೆ ಭಾರತವು ಕೊಂಡ ಧಾನ್ಯದ ಬೆಲೆ ರೂಪಾಯಿಗಳಲ್ಲಿ ಇಲ್ಲಿಯೇ ಸಂಚಯವಾಯಿತು. 1958ರ ತಿದ್ದುಪಡಿ ಆ ಹಣದಿಂದ ಪುಸ್ತಕ ಕೊಳ್ಳಲು ಅವಕಾಶವಿತ್ತಿತು. 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ಷಿಕಾಗೋ, ಬರ್ಕ್ಲಿ ಮುಂತಾದ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸತೊಡಗಿತು. ರೂಪಾಯಿ ನಿಧಿ ತೀರಿದ ಮೇಲೆಯೂ ಅವು ಸ್ವಂತ ಹಣದಿಂದ ಈ ಖರೀದಿಯನ್ನು ಮುಂದುವರಿಸಿದವು. 1967ರಲ್ಲಿ ಆರಂಭವಾದ ಇನ್ನೊಂದು ಸಹಕಾರೀ ಯೋಜನೆ ದಕ್ಷಿಣ ಏಷ್ಯದ ದುರ್ಲಭ ಸಾಮಗ್ರಿಯನ್ನು ಸೂಕ್ಷ್ಮಚಿತ್ರಗಳಲ್ಲಿ ಸಂರಕ್ಷಿಸಲು ತೊಡಗಿತು.

ಮೂರನೆಯ ಪ್ರಶ್ನೆಗೆ ಉತ್ತರ ಸಂಯುಕ್ತ ಸೂಚಿಯೇ. ಸೂಚಿಯಲ್ಲಿಲ್ಲದ ಪುಸ್ತಕ, ಕಪಾಟಿನಲ್ಲಿದ್ದರೂ ಸಂಶೋಧಕನ ಪಾಲಿಗೆ ಇಲ್ಲದಂತೆಯೇ. ನಮ್ಮಲ್ಲಿ ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು 1991ರಲ್ಲಿ ಆರಂಭಿಸಿದ ಇನ್‌ಫ್ಲಿಬ್‌ನೆಟ್ ‘ಇಂಡ್‌ಕ್ಯಾಟ್’ ಎಂಬ ಸಂಯುಕ್ತ ಸೂಚಿಯನ್ನು ಸಿದ್ಧಗೊಳಿಸಿದೆ. ಆದರೆ ಸೂಚಿ ಪೂರ್ಣವಾಗುವುದು ಪ್ರತಿಯೊಂದು ಭಂಡಾರವೂ ತನ್ನಲ್ಲಿರುವುದನ್ನು ನಮೂದಿಸಿದಾಗ ಮಾತ್ರ.

ಈ ಮಾತು ನಮ್ಮ ಕಾಲೇಜುಗಳಿಗೂ ಅನ್ವಯಿಸುತ್ತದೆ. ಸ್ಥಳಾಭಾವದಿಂದ ಹಳೆಯ ಕನ್ನಡ ಪುಸ್ತಕಗಳನ್ನು ವಿಲೇವಾರಿ ಮಾಡುವ ಸಂದರ್ಭ ಎಲ್ಲೆಡೆಯೂ ಬರುತ್ತದೆ. ಆಗ ಕೇಳಬೇಕಾದುದು ‘ಇದನ್ನು ಇಲ್ಲಿ ಯಾರು ಓದುತ್ತಾರೆ?’ ಎಂದಲ್ಲ, ‘ಇದರ ಮತ್ತೊಂದು ಪ್ರತಿ ಎಲ್ಲಿದೆ?’ ಎಂದು. ಉತ್ತರ ದೊರೆಯದಿದ್ದರೆ ಅದೇ ಕೊನೆಯ ಪ್ರತಿಯೆಂದು ಭಾವಿಸಿ ಕಾಯುವುದು ಕರ್ತವ್ಯ.